ನನ್ನ ವಯಸ್ಸಿಗೆ ಸಾಕ್ಷಿ ಹೇಳಿದವರು

ಇತಿಹಾಸ ನಮ್ಮ ಮಸ್ಕಿಗೆ ಬಂದದ್ದು ಭಾನುವಾರದ ರಜೆಯ ರೂಪದಲ್ಲಿ. ಅಲ್ಲಿಯವರೆಗೆ ಶಾಲೆ, ಕಚೇರಿ, ಚಾವಡಿ ಎಲ್ಲಕ್ಕೂ ಶುಕ್ರವಾರ ರಜೆ. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ರಾಜ್ಯ ಮುಗಿಯಿತು, ಇನ್ನು ಮೇಲೆ ನಾವು ಇಂಡಿಯಾದವರು ಎಂದು ಬಂದವರೆಲ್ಲ ಹೇಳಿದರು. ನಮ್ಮ ಓಣಿ ಅದನ್ನು ಪೂರ್ತಿ ನಂಬಲಿಲ್ಲ. ನಂಬಿದ್ದು, ಒಂದು ಶುಕ್ರವಾರ ಬೆಳಿಗ್ಗೆ ಶಾಲೆಯ ಮಾಸ್ತರರು ಮುಖ ಗಂಟಿಕ್ಕಿಕೊಂಡು ಬಂದು ಬೀಗ ತೆಗೆದಾಗ. ರಾಜ ಬದಲಾದರೆ ನಮ್ಮ ಜನ ತಡೆದುಕೊಳ್ಳುತ್ತಾರೆ. ರಜೆ ಬದಲಾದದ್ದಕ್ಕೆ ಮಾತ್ರ ಎರಡು ವಾರ ಗೊಣಗಿದರು.

ನಮ್ಮಪ್ಪನದು ಹಗ್ಗ, ಕಣ್ಣಿ, ಮೂಗುದಾರಗಳ ಅಂಗಡಿ. ಚಾವಡಿಯ ಮುಂದೆ ಹೊಸ ಬಾವುಟ ಏರಿಸುವ ದಿನ ನಾಲ್ಕು ಜನ ಅಂಗಡಿಗೆ ಬಂದು ಒಳ್ಳೆಯ ಹಗ್ಗ ಕೊಡಿ ಎಂದರು. ಅಪ್ಪ ಎದ್ದುಹೋಗಿ ಕಂಬ ನೋಡಿ ಬಂದು, "ಹಗ್ಗ ಯಾಕ ಬೇಕ್ರೀ? ಅದಕ್ಕಿರೂದು ನಂದ ಹಗ್ಗ, ಇನ್ನ ಹತ್ತು ವರ್ಷ ಬಾಳ್ತದ," ಎಂದ. ಹೀಗಾಗಿ ಹಳೆಯ ಬಾವುಟ ಇಳಿದದ್ದೂ ಹೊಸದು ಏರಿದ್ದೂ ಒಂದೇ ಹಗ್ಗದ ಮೇಲೆ. ಸ್ವಾತಂತ್ರ್ಯದ ಬಗ್ಗೆ ಯಾರು ಮಾತು ತೆಗೆದರೂ ಅಪ್ಪ ಕಡೆಗೆ ಈ ಕಥೆಯನ್ನೇ ಹೇಳುತ್ತಿದ್ದ. ಅವನ ಪ್ರಕಾರ ಆ ದಿನದ ಮುಖ್ಯ ವಿಷಯ ನಾರು.

ಆ ಹೊತ್ತಿಗೆ ನಾನು ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದೆ. ಮದುವೆಯಾದ ಹನ್ನೊಂದನೇ ತಿಂಗಳಿಗೆ ವಾಂತಿಭೇದಿಯಾಗಿ ಎರಡೇ ದಿನದಲ್ಲಿ ಅವನು ಹೋದ. ಮುಖ ಈಗ ಸರಿಯಾಗಿ ನೆನಪಾಗುವುದಿಲ್ಲ; ಸಾರು ಹೀರುವಾಗ ಮಾಡುತ್ತಿದ್ದ ಸದ್ದು ನೆನಪಿದೆ. ಹೀಗೆ ಹೇಳಿದರೆ ಜನ ನನ್ನನ್ನು ಕಲ್ಲೆದೆಯವಳು ಎನ್ನುತ್ತಾರೆ. ಹನ್ನೊಂದು ತಿಂಗಳಲ್ಲಿ ಎಂಟು ತಿಂಗಳು ನಾನು ತವರಿನಲ್ಲೇ ಇದ್ದೆ. ಇನ್ನಷ್ಟು ದಿನ ಸಿಕ್ಕಿದ್ದರೆ ಪ್ರೀತಿಯೂ ಹುಟ್ಟುತ್ತಿತ್ತೋ ಏನೋ, ಸಿಗಲಿಲ್ಲ.

ನಮ್ಮಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವ ರೂಢಿಯಿದೆ, ಉಡಿಕಿ ಎನ್ನುತ್ತಾರೆ. ಮೂರು ವರ್ಷ ಸುಮ್ಮನಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ನಾಲ್ಕನೆಯ ವರ್ಷ ಮುದಗಲ್ಲಿನಿಂದ ಒಬ್ಬನನ್ನು ಹಿಡಿದು ತಂದಳು. ಜವಳಿ ಅಂಗಡಿಯವನು, ಹೆಂಡತಿ ತೀರಿಕೊಂಡಿದ್ದಳು, ನಾಲ್ಕು ಮಕ್ಕಳು. ಕೆಟ್ಟ ಮನುಷ್ಯನೇನಲ್ಲ. ಆದರೆ ಬಂದಾಗಲೆಲ್ಲ ಮುದಗಲ್ಲಿನ ಕೋಟೆಯ ಬಗ್ಗೆ ತಾನೇ ನಿಂತು ಕಟ್ಟಿಸಿದವನ ಹಾಗೆ ಮಾತಾಡುತ್ತಿದ್ದ, ನಡುನಡುವೆ ಕೆಮ್ಮುತ್ತಿದ್ದ, ಕೆಮ್ಮಿದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆ ಎಂದು ನನ್ನನ್ನೇ ಕೇಳುತ್ತಿದ್ದ. ಅವನಿಗೂ ನನ್ನ ಬಗ್ಗೆ ಅನುಮಾನವಿತ್ತು. "ಹುಡುಗಿ ಭಾಳ ಸಣ್ಣಾಕಿ, ನಾಕು ಮಕ್ಕಳನ್ನ ಹ್ಯಾಂಗ ಸಂಭಾಳಿಸ್ತಾಳ?" ಎಂದು ಅಜ್ಜಿಯ ಹತ್ತಿರ ಹೇಳಿದ್ದ.

ಅದೇ ಸಮಯಕ್ಕೆ ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರತಿ ಬೇಕೆಂಬ ಸುದ್ದಿ ಬಂತು. ಏಳನೆಯ ಇಯತ್ತೆ ಪಾಸಾಗಿದ್ದರೆ ಸಾಕು, ವಯಸ್ಸು ಇಪ್ಪತ್ತೈದು ದಾಟಿರಬಾರದು. ನಾನು ಲಿಂಗಸುಗೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೆಯದು ಮುಗಿಸಿದ್ದೆ. ನನ್ನ ವಯಸ್ಸು ಇಪ್ಪತ್ತೆರಡು. ತಡಮಾಡದೆ ಅರ್ಜಿ ಬರೆದು ಹಾಕಿದೆ. ಆ ನೌಕರಿ ಬಂದರೆ ಸಿಂಧನೂರು, ಬರದಿದ್ದರೆ ಮುದಗಲ್ಲಿನ ಕೋಟೆ ಮತ್ತು ಕೆಮ್ಮು. ನಡುವೆ ಮೂರನೆಯ ದಾರಿ ಇರಲಿಲ್ಲ.

ತಿಂಗಳಾದ ಮೇಲೆ ಲಿಂಗಸುಗೂರಿನ ಕಚೇರಿಯಿಂದ ಕಾಗದ ಬಂತು. ದಾಖಲೆಯ ಪ್ರಕಾರ ಅರ್ಜಿದಾರಳ ವಯಸ್ಸು ಮೂವತ್ತೊಂದು ಆಗಿರುವುದರಿಂದ ಅರ್ಜಿಯನ್ನು ಪರಿಗಣಿಸಲಾಗದು ಎಂದಿತ್ತು.

ನಾನು ಅದನ್ನು ಓದಿ ನೆಟ್ಟಗೆ ಕನ್ನಡಿಯ ಮುಂದೆ ಹೋಗಿ ನಿಂತೆ. ಸರ್ಕಾರ ಸುಮ್ಮಸುಮ್ಮನೆ ಹೇಳುತ್ತದೆಯೇ ಎಂಬ ಭಯ ಆಗ ಎಲ್ಲರಿಗೂ ಇತ್ತು.

ಆದದ್ದು ಇಷ್ಟು. ಹಳೆಯ ರಾಜ್ಯದಲ್ಲಿ ನಾವು ಏಕಕಾಲಕ್ಕೆ ಮೂರು ವರ್ಷಗಳಲ್ಲಿ ಬದುಕುತ್ತಿದ್ದೆವು. ಕಚೇರಿಗೆ, ಶಾಲೆಗೆ ಕಂದಾಯದ ಲೆಕ್ಕದ ಫಸಲಿ ವರ್ಷ. ಮುಸಲ್ಮಾನರ ಹಬ್ಬಗಳಿಗೆ ಹಿಜರಿ ವರ್ಷ. ಯುಗಾದಿ ಮಾಡುವ ನಮಗೆ ಸಂವತ್ಸರ. ಯಾರಿಗೂ ತೊಂದರೆ ಇರಲಿಲ್ಲ. ಹೊಸ ಸರ್ಕಾರ ಇಂಗ್ಲಿಷ್ ವರ್ಷವನ್ನು ತಂದು, ಹಳೆಯ ದಾಖಲೆಗಳನ್ನೆಲ್ಲ ಅದಕ್ಕೆ ತಿರುಗಿಸಿ ಬರೆಯಿರಿ ಎಂದಿತು. ಶಾಲೆಯ ರಿಜಿಸ್ಟರಿನಲ್ಲಿ ನನ್ನ ಹುಟ್ಟಿದ ಸನ್, ಅಂದರೆ ವರ್ಷ, ಸಾವಿರದ ಮುನ್ನೂರ ಮೂವತ್ತೊಂಬತ್ತು. ಅದು ಫಸಲಿ. ಐನೂರ ತೊಂಬತ್ತೊಂದು ಕೂಡಿಸಿದರೆ ಮೂವತ್ತನೇ ಇಸವಿ. ಆದರೆ ಯಾವ ಸನ್ ಎಂದು ಬರೆದಿದ್ದ ಹಾಳೆಯ ಮೇಲಂಚನ್ನು ಒರಲೆ ಹುಳು ತಿಂದಿತ್ತು. ಕಚೇರಿಯ ಗುಮಾಸ್ತ ಹೊರಗಿನಿಂದ ಹೊಸದಾಗಿ ಬಂದವನು. ನಿಜಾಮರ ರಾಜ್ಯವೆಂದ ಮೇಲೆ ಹಿಜರಿಯೇ ಇರಬೇಕು ಎಂದುಕೊಂಡು ಹಿಜರಿಯ ಲೆಕ್ಕ ಹಾಕಿದ. ಒರಲೆಯೂ ಗುಮಾಸ್ತನೂ ಸೇರಿ ನನ್ನನ್ನು ಒಂದೇ ಮಧ್ಯಾಹ್ನದಲ್ಲಿ ಒಂಬತ್ತು ವರ್ಷ ಮುದುಕಿ ಮಾಡಿದರು.

ಹಾಗೆ ನೋಡಿದರೆ ಆ ರಿಜಿಸ್ಟರೂ ಏನು ಸತ್ಯಹರಿಶ್ಚಂದ್ರನದಲ್ಲ. ಶಾಲೆಗೆ ಸೇರಿಸುವ ದಿನ ಮಾಸ್ತರರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಆರು ವರ್ಷವಾಯಿತು. ತಾರೀಖು ಎಲ್ಲರಿಗೂ ಒಂದೇ, ಅಮರದಾದ್ ತಿಂಗಳ ಒಂದು, ಅಂದರೆ ಈಗಿನ ಜೂನ್. ನಮ್ಮ ಇಯತ್ತೆಯ ಇಪ್ಪತ್ತೆಂಟು ಮಕ್ಕಳೂ ಹಾಗೆ ಒಂದೇ ದಿನ ಹುಟ್ಟಿದವರು. ಆ ದಿನ ಮಸ್ಕಿಯ ಸೂಲಗಿತ್ತಿ ಎಷ್ಟು ಓಡಾಡಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ನನಗೆ ಮೂವತ್ತೊಂದು ಎಂಬ ಸುದ್ದಿ ಎರಡು ದಿನದಲ್ಲಿ ಮುದಗಲ್ಲಿಗೆ ಮುಟ್ಟಿತು. ಜವಳಿಯವನು ಮರುವಾರವೇ ಬಂದ. ಮೊದಲ ಸಲ ನನ್ನನ್ನು ನೇರವಾಗಿ ನೋಡಿ ನಕ್ಕ. "ಸರ್ಕಾರದವ್ರ ಬರದು ಕೊಟ್ಟಾರಂದ್ರ ಖರೇನ ಇರ್ತದ. ಮೂವತ್ತೊಂದಂದ್ರ ಛಲೋ ವಯಸ್ಸು. ನಮ್ಮ ಮನಿಗೆ ಸರಿ ಹೊಂದ್ತದ," ಎಂದ. ಅಜ್ಜಿ ಅವನಿಗೆ ಎರಡು ಲೋಟ ಚಹಾ ಕೊಟ್ಟಳು. ನನ್ನ ಜೀವನದಲ್ಲಿ ಒಬ್ಬ ಗಂಡಸು ನನ್ನ ವಯಸ್ಸು ಹೆಚ್ಚಾಗಿದೆ ಎಂದು ಖುಷಿಪಟ್ಟದ್ದು ಅದೊಂದೇ ಸಲ.

ನಾನು ಅಂದೇ ಕೂತು ಇನ್ನೊಂದು ಅರ್ಜಿ ಬರೆದೆ. ಫಸಲಿ, ಹಿಜರಿ, ಒರಲೆ ಎಲ್ಲವನ್ನೂ ವಿವರಿಸಿದೆ. ಅದಕ್ಕೆ ಉತ್ತರವೂ ಬಂತು. ಹುಟ್ಟಿದ ವರ್ಷವನ್ನು ಬಲ್ಲ ಹಿರಿಯರನ್ನು ಕರೆದುಕೊಂಡು ಇಂಥ ದಿನ ಹಾಜರಾಗಬೇಕು, ಅವರು ಆ ವರ್ಷ ನಡೆದ ಯಾವುದಾದರೂ ಪ್ರಮುಖ ಘಟನೆಯ ಆಧಾರದ ಮೇಲೆ ಸಾಕ್ಷಿ ನುಡಿಯಬೇಕು ಎಂದು.

ಪ್ರಮುಖ ಘಟನೆ! ನಾನು ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ಕೇಳಿದೆ. ಅಪ್ಪ ತುಂಬ ಯೋಚಿಸಿ, ಅಂಗಡಿಯ ಬಾಗಿಲನ್ನು ತೆಂಕಲಿಂದ ಮೂಡಲಿಗೆ ತಿರುಗಿಸಿದ ವರ್ಷ ನಾನು ಹುಟ್ಟಿದ್ದು ಎಂದ. ಅದರ ಲೆಕ್ಕ ಹಿಡಿದರೆ ನನಗೆ ಇಪ್ಪತ್ತೇಳು. ಅಜ್ಜಿಯ ಪ್ರಕಾರ ಗೌಡರ ಇಬ್ಬರು ಹೆಂಡಿರು ಜಗಳವಾಡಿ ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ವರ್ಷ. ಅದರಂತೆ ಹತ್ತೊಂಬತ್ತು. ಹುಟ್ಟಿದ ಕೂಸುಗಳಿಗೆ ಲಿಂಗ ಕಟ್ಟುವ ನಮ್ಮ ಮಠದ ಅಯ್ಯನವರನ್ನು ಕೇಳಿದೆ. ಸಂವತ್ಸರದ ಹೆಸರಾದರೂ ಹೇಳಿಯಾರು ಎಂಬ ಆಸೆ. ಅರವತ್ತು ಸಂವತ್ಸರಗಳಲ್ಲಿ ಅವರಿಗೆ ಬರುತ್ತಿದ್ದವು ಹನ್ನೆರಡು, ನನ್ನದು ಆ ಹನ್ನೆರಡರಲ್ಲಿ ಇರಲಿಲ್ಲ. ಮಠದ ಬಾವಿಯ ಸಿಹಿನೀರು ಸವುಳಾದ ವರ್ಷ ಎಂದರು. ಅದು ಯಾವಾಗ ಎಂದರೆ, ನೀನು ಹುಟ್ಟಿದ ವರ್ಷವೇ ಎಂದರು.

ಆಗ ನಾನು ಒಂದು ಬುದ್ಧಿವಂತಿಕೆ ಮಾಡಿದೆ. ಬುದ್ಧಿವಂತಿಕೆ ಎಂದು ಆಗ ಅನಿಸಿತ್ತು. ಸೋದರಮಾವನ ಮನೆಯಿಂದ ಒಂದು ಇತಿಹಾಸದ ಪುಸ್ತಕ ತರಿಸಿ, ಮೂವತ್ತನೇ ಇಸವಿಯಲ್ಲಿ ದೇಶದಲ್ಲಿ ಏನಾಯಿತು ಎಂದು ಹುಡುಕಿದೆ. ಸಮುದ್ರದ ದಂಡೆಗೆ ನಡೆದುಹೋಗಿ ಕಾನೂನು ಮುರಿದು ಉಪ್ಪು ತಯಾರಿಸಿದ ಸತ್ಯಾಗ್ರಹ ಸಿಕ್ಕಿತು. ಇದಕ್ಕಿಂತ ಪ್ರಮುಖ ಘಟನೆ ಬೇಕೇ? ಅಪ್ಪ, ಅಜ್ಜಿ, ಅಯ್ಯನವರು ಮೂವರನ್ನೂ ಪಡಸಾಲೆಯಲ್ಲಿ ಕೂಡಿಸಿ ಒಂದು ವಾರ ಪಾಠ ಮಾಡಿದೆ. "ಸಮುದ್ರದ ದಂಡ್ಯಾಗ ಉಪ್ಪು ಮಾಡಿದ ವರ್ಷ ಹುಟ್ಯಾಳ." ಅಪ್ಪ ಎರಡು ದಿನಕ್ಕೆ ಕಲಿತ. ಅಯ್ಯನವರು ಮಂತ್ರದ ಧಾಟಿಯಲ್ಲಿ ಹೇಳುತ್ತಿದ್ದರು, ಅದನ್ನು ಬಿಡಿಸಲು ಮೂರು ದಿನ ಬೇಕಾಯಿತು. ಅಜ್ಜಿಗೆ ಇದರಲ್ಲಿ ಮನಸ್ಸೇ ಇರಲಿಲ್ಲ. "ಉಪ್ಪು ಮಾಡಿದ್ರ ಅದೇನು ದೊಡ್ಡ ಸುದ್ದೀನೇ ಯವ್ವಾ? ಹೋಳಿಗಿ ಮಾಡಿದ್ರ ಮಾತು ಬ್ಯಾರೆ," ಎಂದಳು. ಅವಳಿಗೆ ನಾನು ಮುದಗಲ್ಲಿಗೇ ಹೋಗುವುದು ಬೇಕಿತ್ತು, ಆದರೆ ಲಿಂಗಸುಗೂರಿಗೆ ಮೋಟರಿನಲ್ಲಿ ಹೋಗುವುದೂ ಬೇಕಿತ್ತು. ಆದ್ದರಿಂದ ಸಾಕ್ಷಿಗೆ ಒಪ್ಪಿದಳು.

ಅವ್ವ ಈ ಪಾಠದ ಹೊತ್ತಿನಲ್ಲೆಲ್ಲ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿಗೆ ಪಾಠ ಕೇಳಿಸುವುದಿಲ್ಲ ಎಂದು ನಾನು ಒಂದೆರಡು ಸಲ ಗದರಿದ್ದೂ ಉಂಟು.

ಹೋಗುವ ದಿನ ಅವ್ವನೂ ಬಂದಳು. ಸಾಕ್ಷಿಗಲ್ಲ. ಅಜ್ಜಿಗೆ ಮೋಟರಿನಲ್ಲಿ ವಾಂತಿಯಾಗುತ್ತದೆ, ಲಿಂಬೆಹಣ್ಣು ಹಿಡಿದುಕೊಂಡು ಪಕ್ಕದಲ್ಲಿ ಕೂರುವವರು ಒಬ್ಬರು ಬೇಕಿತ್ತು. ಬುತ್ತಿಯ ಗಂಟನ್ನೂ ಯಾರಾದರೂ ಹೊರಬೇಕಿತ್ತು. ಅಜ್ಜಿಗೆ ಮಸ್ಕಿ ದಾಟುವುದರೊಳಗೇ ಒಮ್ಮೆ ಆಯಿತು, ಲಿಂಗಸುಗೂರಿನ ಹತ್ತಿರ ಇನ್ನೊಮ್ಮೆ. ಎರಡು ಸಲವೂ ಅಜ್ಜಿ ಬೈದದ್ದು ಅವ್ವನನ್ನು, ಮೋಟರು ಅವ್ವನೇ ಓಡಿಸುತ್ತಿದ್ದಾಳೆಂಬಂತೆ.

ಕಚೇರಿಯ ಸಾಹೇಬರು ಧಾರವಾಡದ ಕಡೆಯವರು. ದಪ್ಪ ಕನ್ನಡಕ, ತೆಳ್ಳಗಿನ ದನಿ. ಕಾಲೇಜಿನಲ್ಲಿ ಇತಿಹಾಸ ಓದಿದ್ದರಂತೆ. ನಾವು ಮಸ್ಕಿಯವರು ಎಂದು ತಿಳಿದ ಕೂಡಲೇ ಕುರ್ಚಿಯಿಂದ ಅರ್ಧ ಎದ್ದರು. ನಮ್ಮ ಊರ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿಯೊಬ್ಬ ಬರೆಸಿದ ಶಾಸನವಿದೆಯೆಂದೂ ಅದನ್ನು ನೋಡಲು ತಾವು ಎರಡು ಸಲ ಬಂದಿದ್ದುದಾಗಿಯೂ ಹೇಳಿದರು. ನಾವೆಲ್ಲ ಹೌದು ಹೌದು ಎಂದೆವು. ನಮ್ಮಲ್ಲಿ ಯಾರೂ ಅದರ ಹತ್ತಿರ ಹೋದವರಲ್ಲ. ಅಜ್ಜಿ ಮಾತ್ರ ಒಮ್ಮೆ ತಪ್ಪಿಸಿಕೊಂಡ ಆಡನ್ನು ಹುಡುಕುತ್ತ ಆ ಕಡೆ ಹೋಗಿದ್ದಳು.

ಮೊದಲು ಅಯ್ಯನವರು. "ಸಮುದ್ರದ ದಂಡ್ಯಾಗ ಉಪ್ಪು ಮಾಡಿದ ವರ್ಷ ಹುಟ್ಯಾಳ್ರೀ." ಸಾಹೇಬರ ಮುಖ ಅರಳಿತು. ಗುಮಾಸ್ತನಿಗೆ ಬರೆದುಕೋ ಎಂದರು. ಆಮೇಲೆ ಅಪ್ಪ. "ಸಮುದ್ರದ ದಂಡ್ಯಾಗ ಉಪ್ಪು ಮಾಡಿದ ವರ್ಷ ಹುಟ್ಯಾಳ್ರೀ." ಅದೇ ಮಾತು, ಅದೇ ನಿಲುಗಡೆ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಆಗ ಪೇಪರ್ ಓದ್ತಿದ್ರೇನು?"

"ಇಲ್ರೀ ಸಾಹೇಬ್ರ, ನನಗ ಓದಾಕ ಬರಂಗಿಲ್ಲ."

"ಮತ್ತ ಮಸ್ಕ್ಯಾಗ ಕೂತು ಸಮುದ್ರದ ಸುದ್ದಿ ನಿಮಗ ಹ್ಯಾಂಗ ತಿಳೀತು?"

ಅಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಅಷ್ಟರಲ್ಲಿ ಅಜ್ಜಿ ತನ್ನ ಸರದಿ ಬಂತೆಂದು ತಿಳಿದು ಮುಂದೆ ಬಂದಳು. "ನಂದೂ ಅದ ಐತ್ರೀ, ಉಪ್ಪು. ಇಕೀನ ಕಲಿಸ್ಯಾಳ. ಒಂದ್ ವಾರ ಆತು ನನ್ನ ತಲಿ ತಿನ್ನಾಕತ್ತಾಳ," ಎಂದು ನನ್ನ ಕಡೆ ಬೆರಳು ಮಾಡಿದಳು.

ಗುಮಾಸ್ತ ಬರೆಯುವುದನ್ನು ನಿಲ್ಲಿಸಿದ. ಸಿಂಧನೂರಿನ ಶಾಲೆ ಕಣ್ಣೆದುರೇ ದೂರ ಹೋಗುತ್ತಿತ್ತು, ಅದನ್ನು ದೂಡಿದವಳು ನಾನೇ. ನಿಜ ಹೇಳಿದ್ದರೂ ನಂಬುತ್ತಿದ್ದರೋ ಇಲ್ಲವೋ. ಸುಳ್ಳು ಕಲಿಸಿ ಸಿಕ್ಕಿಬಿದ್ದವಳನ್ನು ಯಾರು ನಂಬುತ್ತಾರೆ?

ಸಾಹೇಬರು ಸಿಟ್ಟಾಗಲಿಲ್ಲ, ಅದು ಅವರ ದೊಡ್ಡಗುಣ. "ಮುದುಕಿ, ನಿನಗ ಖರೇ ಖರೇ ಏನು ನೆನಪದ ಅದನ್ನ ಹೇಳು. ಕಲಿಸಿದ್ದು ಬ್ಯಾಡ," ಎಂದರು. ಅಜ್ಜಿ ಎಲೆಯಡಿಕೆ ಬಾಯಲ್ಲಿ ಒಂದು ಕಡೆ ಸರಿಸಿ ಶುರುಮಾಡಿದಳು. ಗೌಡರ ಮನೆಯ ಎರಡು ಒಲೆಗಳಿಂದ ಆರಂಭಿಸಿ, ಆ ವರ್ಷ ನಮ್ಮ ಮನೆಗೆ ಬಂದ ಎಮ್ಮೆ, ಅದು ಹಾಕಿದ ಮೊದಲ ಕರು, ಆ ಕರು ದೊಡ್ಡದಾಗಿ ಹಾಕಿದ ಕರು, ಅದು ಹಾಳುಬಾವಿಯಲ್ಲಿ ಬಿದ್ದು ಎದ್ದು ಬಂದದ್ದು, ಆಮೇಲೆ ಹಾಲು ಕಡಿಮೆಯಾದದ್ದು, ಯಾರ ಕಣ್ಣು ಬಿತ್ತು ಎಂಬುದು. ಐದು ತಲೆಮಾರಿನ ಎಮ್ಮೆಗಳ ವಂಶಾವಳಿ ಅವಳಿಗೆ ಬಾಯಿಪಾಠ. ಸಾಹೇಬರು ಒಂದು ಕಾಗದದ ಮೇಲೆ ಬರೆದುಕೊಳ್ಳುತ್ತ ಹೋದರು. ನಾಲ್ಕನೆಯ ಎಮ್ಮೆಗೆ ಕೈಬಿಟ್ಟರು.

"ಇವೆಲ್ಲ ಪ್ರಮುಖ ಘಟನಾ ಅಲ್ಲಾ. ಯುದ್ಧ, ಬರ, ರಾಜರ ಮರಣ, ಇಂಥಾವು ಹೇಳು. ನಿಮ್ಮೂರಾಗ ಒಬ್ಬ ಚಕ್ರವರ್ತಿ ಬಂಡೆಗಲ್ಲ ಮ್ಯಾಲೆ ತನ್ನ ಹೆಸರು ಬರಿಸಿ ಹೋಗ್ಯಾನ, ಎರಡು ಸಾವಿರ ವರ್ಷ ಆದ್ರೂ ಉಳದದ. ನಿನಗ ಮೊಮ್ಮಗಳು ಹುಟ್ಟಿದ ವರ್ಷ ನೆನಪಿಲ್ಲೇನು?"

"ಅಂವ ಯಾರ ಪೈಕಿರೀ?" ಎಂದು ಅಜ್ಜಿ ಕೇಳಿದಳು. "ತನ್ನ ಹೆಸರು ತಾನ ಬರಿಸ್ಕೊಂಡಾನಂದ್ರ ಮನ್ಯಾಗ ಬ್ಯಾರೆ ಕೆಲಸ ಇರಲಿಲ್ಲ ಕಾಣ್ತೈತಿ."

ಗುಮಾಸ್ತ ನಕ್ಕುಬಿಟ್ಟ. ಸಾಹೇಬರು ನಗಲಿಲ್ಲ. ಅಪ್ಪನ ಕಡೆ ತಿರುಗಿ, ಕಡೆಯದಾಗಿ ಕೇಳುವವರಂತೆ ಕೇಳಿದರು.

"ನೀವರ ಹೇಳ್ರಿ. ಇಕಿ ಹುಟ್ಟಿದ ದಿನ ನೀವು ಎಲ್ಲಿದ್ರಿ? ಮಳಿ ಇತ್ತೋ, ಬಿಸಲಿತ್ತೋ?"

"ನಾ ಮಸ್ಕ್ಯಾಗ ಅಂಗಡ್ಯಾಗಿದ್ದೆರೀ."

"ಇಕಿ?"

"ಇಕಿ ಹುಟ್ಟಿದ್ದು ಮುಕ್ಕುಂದದಾಗರೀ, ನದಿ ದಂಡಿ ಊರು. ನಮ್ಮ ಬೀಗರೂರು. ಐದು ತಿಂಗಳ ಮ್ಯಾಲೆ ತೊಟ್ಲ ಸಮೇತ ಕರಕೊಂಡು ಬಂದ್ರು, ಆವಾಗ ನೋಡೀನಿ."

"ಮುದುಕಿ, ನೀನು?"

"ನಾನೂ ಆವಾಗ ನೋಡಿದ್ದು. ನನಗೇನ ಹೊಳಿ ದಂಡಿಗೆ ಹೋಗೂ ಚಟ ಇರಲಿಲ್ಲ."

ಅಯ್ಯನವರು ಯಾರೂ ಕೇಳುವ ಮೊದಲೇ, ಲಿಂಗ ಕಟ್ಟಿದ್ದು ಮುಕ್ಕುಂದದ ಕಡೆಯ ಬೇರೆ ಅಯ್ಯನವರು ಎಂದು ಒಪ್ಪಿಕೊಂಡರು. ಸಾಹೇಬರು ಪೆನ್ಸಿಲನ್ನು ಮೇಜಿನ ಮೇಲಿಟ್ಟರು.

"ಅಂದ್ರ ಇಕಿ ಹುಟ್ಟಿದಾಗ ಅಲ್ಲಿ ಇದ್ದವರು ಒಬ್ಬರೂ ಇಲ್ಲಿ ಬಂದಿಲ್ಲ. ಹೆತ್ತಾಕಿ ಇದ್ದಾಳೋ, ಹೋಗ್ಯಾಳೋ?"

ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಂತರ ಅಪ್ಪ, "ಇದ್ದಾಳ್ರೀ. ಹೊರಗ ಕೂತಾಳ," ಎಂದ.

ನಾನೇ ಎದ್ದು ಹೊರಗೆ ಹೋದೆ. ಅವ್ವ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಎದುರಿಗೆ ಕಚೇರಿಯ ಚಪರಾಸಿ ನಮ್ಮ ಪಾಲಿನ ರೊಟ್ಟಿ, ಪುಂಡಿಪಲ್ಯೆ ಉಣ್ಣುತ್ತ, ತನ್ನ ಹೆಂಡತಿಯ ಮಂಡಿನೋವಿನ ಸಂಗತಿಯನ್ನು ಅವಳಿಗೆ ಹೇಳುತ್ತಿದ್ದ. "ಅವ್ವಾ, ಸಾಹೇಬರು ಕರಿಯಾಕತ್ತಾರ," ಎಂದೆ. "ಯಾಕ, ಮುದುಕಿಗೆ ಮತ್ತ ವಾಂತಿ ಆತೇನು?" ಎಂದು ಲಿಂಬೆಹಣ್ಣು ಹಿಡಿದುಕೊಂಡೇ ಎದ್ದಳು.

ಒಳಗೆ ಬಂದು ಸೆರಗು ಹೊದ್ದು ಗೋಡೆಗೆ ಹೊಂದಿ ನಿಂತಳು. ಅಪ್ಪನ ಮುಂದೆ ಹೊರಗಿನವರ ಎದುರು ಅವಳು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಾಹೇಬರು ಕೇಳಿದರು, "ತಾಯೀ, ನಿಮ್ಮ ಮಗಳು ಹುಟ್ಟಿದ್ದು ಯಾವ ವರ್ಷ, ಹೇಳಬಲ್ಲಿರೇನು?"

"ವರ್ಷದ ಹೆಸರು ನನಗ ಗೊತ್ತಿಲ್ರೀ. ಎಣಿಸಿ ಹೇಳ್ತೀನಿ, ನೀವ ಹಿಡೀರಿ," ಎಂದ ಅವ್ವ ನಿಧಾನವಾಗಿ ಶುರುಮಾಡಿದಳು. "ದೊಡ್ಡ ಜ್ವರ ಬಂದು ಹೆಣ ಹೊರಾಕ ಮಂದಿ ಸಿಗದಂಗಾಗಿತ್ತು ನೋಡ್ರಿ, ಆ ವರ್ಷ ನಮ್ಮವ್ವ ಸತ್ಲು. ನನಗ ಆವಾಗ ಮುಂದಿನ ಹಲ್ಲು ಬಿದ್ದಿದ್ವು."

ಸಾಹೇಬರು ಪೆನ್ಸಿಲ್ ಎತ್ತಿಕೊಂಡರು. "ಹದಿನೆಂಟನೇ ಇಸವಿ," ಎಂದರು. ಜಗತ್ತಿನಲ್ಲೆಲ್ಲ ಹಬ್ಬಿದ್ದ ಇನ್‌ಫ್ಲುಯೆಂಜಾ ಅದು ಎಂದು ಗುಮಾಸ್ತನಿಗೆ ಹೇಳಿದರು. "ಮುಂದ?"

"ಮರುವರ್ಷ ಲಗ್ನ ಆತು. ಆರು ವರ್ಷ ತವರಾಗ ಇದ್ದೆ. ದೊಡ್ಡಾಕಿ ಆದ ಮ್ಯಾಲೆ ಮಸ್ಕಿಗೆ ಕಳಿಸಿದ್ರು."

"ಹತ್ತೊಂಬತ್ತು. ಇಪ್ಪತ್ತೈದು."

"ಮರುವರ್ಷ ಮೊದಲನೇದು. ಹೆಣ್ಣು. ತೊಟ್ಲದಾಗ ಹಾಕೂ ಮುಂಚೇನ ಹೋತು."

"ಇಪ್ಪತ್ತಾರು," ಎಂದರು ಸಾಹೇಬರು. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದರು.

"ಅದರ ಮರುವರ್ಷ ಗಂಡು. ಅದು ಒಂದೂವರಿ ವರ್ಷ ಇತ್ತ್ರೀ. ನಡೀತಿತ್ತು. ನನ್ನ ಸೆರಗು ಹಿಡಕೊಂಡು ನೀರಿಗೆ ಬರ್ತಿತ್ತು. ದಸರಾ ಮುಂದ ಹೋತು. ಅದರ ಮುಂದಿನ ವರ್ಷ ಮತ್ತ ಹೆಣ್ಣು, ಒಂಬತ್ತು ದಿನ. ಮಸ್ಕಿ ನೀರು ನನಗ ಆಗಿ ಬರಂಗಿಲ್ಲ ಅಂದು ನಾಕನೇದಕ್ಕ ಮುಕ್ಕುಂದಕ್ಕ ನಮ್ಮ ದೊಡ್ಡವ್ವನ ಮನಿಗೆ ಕಳಿಸಿದ್ರು. ಒಂಬತ್ತು ದಿನದ್ದು ಹೋದ ಮರುವರ್ಷ ಇಕಿ. ಕಾರಹುಣ್ಣಿವಿ ಮುಗದು ಮೂರು ದಿನಕ್ಕ."

ಸಾಹೇಬರು ಇಪ್ಪತ್ತಾರರ ನಂತರದ ಯಾವ ಇಸವಿಯನ್ನೂ ಗಟ್ಟಿಯಾಗಿ ಹೇಳಲಿಲ್ಲ. ಕಾಗದದ ಮೇಲೆ ಬರೆದುಕೊಳ್ಳುತ್ತ ಹೋಗಿ, ಕೊನೆಗೆ ಗುಮಾಸ್ತನಿಗೆ, "ಮೂವತ್ತು. ಜೂನ್ ತಿಂಗಳು. ಫಸಲಿ ಲೆಕ್ಕಾನ ಸರಿ ಅದ," ಎಂದರು.

ಹೀಗೆ ನನ್ನ ಕಿವಿ ಮುಟ್ಟಿಸಿ ಅಂದಾಜು ಬರೆದ ಮಾಸ್ತರರ ಲೆಕ್ಕ ತಿಂಗಳ ಸಮೇತ ಸರಿಯಾಗಿತ್ತು. ಆದರೆ ಆ ಕ್ಷಣ ನನಗೆ ಅದರ ಖುಷಿ ಆಗಲಿಲ್ಲ. ನನಗಿಂತ ಮುಂಚೆ ಒಂದು ಕೂಸು ಹೋಗಿತ್ತು ಎಂದು ಎಂದೋ ಕೇಳಿದ್ದೆ, ಅಷ್ಟೇ. ಮೂರು ಎಂದು ತಿಳಿದದ್ದು ಆ ಕಚೇರಿಯಲ್ಲಿ ನಿಂತು, ಗುಮಾಸ್ತನ ಜೊತೆಜೊತೆಗೆ. ಅಪ್ಪನಿಗೆ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು. ಅದು ವರ್ಷ ಎಣಿಸಲು ಬರುವ ಸಂಗತಿ ಎಂದು ಅವರಿಗೆ ಹೊಳೆದಿರಲಿಲ್ಲ. ಎಮ್ಮೆ ಹೊಳೆದಿತ್ತು, ಅಂಗಡಿಯ ಬಾಗಿಲು ಹೊಳೆದಿತ್ತು. ಅವರನ್ನು ಬೈದು ನಾನು ಪಾರಾಗುವಂತಿಲ್ಲ. ಸಾಕ್ಷಿಗಳ ಪಟ್ಟಿ ಬರೆದವಳು ನಾನು. ಇತಿಹಾಸದ ಪುಸ್ತಕವನ್ನು ಲಿಂಗಸುಗೂರಿನಿಂದ ತರಿಸಿಕೊಂಡ ಏಳನೆಯ ಇಯತ್ತೆಯ ಪಂಡಿತೆ, ಹತ್ತು ಹೆಜ್ಜೆ ಆಚೆ ಒಲೆಯ ಮುಂದೆ ಕೂತವಳನ್ನು ಒಂದು ಮಾತು ಕೇಳಿರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಗುಮಾಸ್ತನಿಗೆ ಇನ್ನೊಂದು ತೊಡಕಿತ್ತು. ನಮೂನೆಯಲ್ಲಿ ಪ್ರಮುಖ ಘಟನೆಯ ಜಾಗ ಖಾಲಿ ಉಳಿದಿತ್ತು. ಜ್ವರ ಬರೆಯೋಣವೆಂದರೆ ಅದು ಹನ್ನೆರಡು ವರ್ಷ ಹಿಂದಿನದು, ಹುಟ್ಟಿದ ವರ್ಷದ್ದೇ ಬೇಕು. "ಅಮ್ಮಾ, ಈಕಿ ಹುಟ್ಟಿದ ವರ್ಷ ಮುಕ್ಕುಂದದಾಗ ಏನಾದ್ರೂ ವಿಶೇಷ ಆಗಿತ್ತೇನು?" ಎಂದು ಅವನು ಅವ್ವನನ್ನು ಕೇಳಿದ.

ಅವ್ವ ಅವನನ್ನು ಅರ್ಥವಾಗದವಳಂತೆ ನೋಡಿದಳು.

"ಇಕಿ ಬದುಕಿದ್ಲಲ್ರೀ," ಎಂದಳು. "ಮತ್ತೇನಾಗಬೇಕಿತ್ತು?"

ಏನು ಬರೆಯಲಿ ಎಂದು ಗುಮಾಸ್ತ ಸಾಹೇಬರ ಕಡೆ ನೋಡಿದ. ಸಾಹೇಬರು, "ಅವರು ಹೇಳಿದ್ದನ್ನ ಬರಿ," ಎಂದರು. ಅವನು ಬರೆದ. ಅವ್ವ ಲಿಂಬೆಹಣ್ಣನ್ನು ಎಡಗೈಗೆ ಬದಲಿಸಿ ಹೆಬ್ಬೆಟ್ಟು ಒತ್ತಿದಳು.

ವಾಪಸ್ಸು ಬರುವಾಗ ಅಜ್ಜಿಗೆ ಮುಂದಿನ ಸೀಟಿನಲ್ಲಿ ನಿದ್ದೆ ಹತ್ತಿತ್ತು. ಅಪ್ಪ, ಅಯ್ಯನವರು ಹಿಂದೆ ಕೂತು ಸಾಹೇಬರ ಕನ್ನಡಕದ ಬಗ್ಗೆ ಮಾತಾಡುತ್ತಿದ್ದರು. ನಾನು ಅವ್ವನ ಪಕ್ಕ ಕೂತಿದ್ದೆ. ಸಿಂಧನೂರಿಗೆ ಹೋಗುತ್ತೇನೆಂಬುದು ಗಟ್ಟಿಯಾಗಿತ್ತು, ಜವಳಿಯವನಿಗೆ ಬೇರೆ ಯಾರನ್ನಾದರೂ ನೋಡಬೇಕಿತ್ತು. ಅದರ ಬಗ್ಗೆ ಏನಾದರೂ ಆಡಬೇಕೆಂದು ಬಾಯಿ ತೆರೆದವಳು, "ಅವ್ವಾ, ಅವಕ್ಕ ಹೆಸರು ಇಟ್ಟಿದ್ರೇನು?" ಎಂದು ಕೇಳಿಬಿಟ್ಟೆ.

"ಒಂದಕ್ಕ ಇಟ್ಟಿದ್ರು. ಗಂಡಿಗೆ."

"ಉಳಿದ ಎರಡಕ್ಕ?"

ಅವ್ವ ಕಿಟಕಿಯ ಹೊರಗೆ ನೋಡಿದಳು. ಹೆಸರಿಡುವ ದಿನದವರೆಗೆ ಅವೆರಡೂ ಉಳಿದಿರಲಿಲ್ಲ, ಉಳಿಯದವಕ್ಕೆ ಹೆಸರಿಡುವ ಪದ್ಧತಿ ನಮ್ಮಲ್ಲಿಲ್ಲ. ಅದು ನನಗೂ ಗೊತ್ತಿತ್ತು. ಮೋಟರಿನ ಸದ್ದಿನಲ್ಲಿ ನನಗೊಬ್ಬಳಿಗೇ ಕೇಳಿಸುವಂತೆ, "ನಾ ಇಟ್ಟೀನಿ," ಎಂದಳು. ಆಮೇಲೆ ಮೂರು ಹೆಸರುಗಳನ್ನೂ ಹೇಳಿದಳು. ಅವನ್ನು ಇಲ್ಲಿ ಬರೆಯುವುದಿಲ್ಲ. ಅವಳು ಹೇಳಿದ್ದು ನನಗೆ, ಅದೂ ನಾನು ಕೇಳಿದ ಮೇಲೆ.